ಹನ್ನೆರಡು ಮಾರು ನೀರು

ನಮ್ಮ ಊರು ಐದು ವರ್ಷಕ್ಕೊಮ್ಮೆ ಒಂದು ಮೈಲಿ ಮೂಡಲಿಗೆ ಹೋಗುತ್ತದೆ. ಬಿಳಿಯರು ದೇಶ ಬಿಟ್ಟು ಹೋದ ಮೇಲೆ ಶುರುವಾದದ್ದು ಇದು. ರಾಜಧಾನಿಯಲ್ಲಿ ಹೊಸ ಯೋಜನೆಯ ಪುಸ್ತಕ ಅಚ್ಚಾಗಿ ಬಂದಿತೆಂದರೆ ನಮ್ಮಲ್ಲಿ ಒಂದು ದಿನ ಗೊತ್ತು ಮಾಡುತ್ತಾರೆ. ಆ ದಿನ ಊರ ಹೆಸರು ಬರೆದ ಫಲಕವನ್ನು ಕಿತ್ತು, ಗಾಡಿಯ ಮೇಲೆ ಹೇರಿಕೊಂಡು ಹೋಗಿ, ಮುಂದಿನ ಜಾಗದಲ್ಲಿ ನೆಡುತ್ತಾರೆ. ಹಿಂದೆಯೇ ಜನ, ದನ, ಬಾಗಿಲು, ಬೀಸುಕಲ್ಲು ಎಲ್ಲ ಹೋಗುತ್ತವೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹಳೆಯ ಬಾವಿ ಬತ್ತಿರುತ್ತದೆ, ಮೊದಲೇ ತೋಡಿಟ್ಟ ಹೊಸ ಬಾವಿಯಲ್ಲಿ ಹನ್ನೆರಡು ಮಾರು ನೀರು ನಿಂತಿರುತ್ತದೆ. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆಯಿಲ್ಲ.

ಬಿಟ್ಟುಬಂದ ಊರುಗಳನ್ನು ನಾವು ಎಣಿಕೆಯಿಂದ ಕರೆಯುತ್ತೇವೆ. ಒಂದನೆಯದರಲ್ಲಿ ಬಿಳಿಯರು ಹತ್ತಿಯ ಅಂಡಿಗೆ ಕಟ್ಟಿ ಹಡಗಿಗೆ ಕಳಿಸುತ್ತಿದ್ದ ಗೋದಾಮಿದೆ, ಈಗ ಅದರ ತುಂಬ ಬಾವಲಿ. ಮೂರನೆಯದರಲ್ಲಿ ಸಹಕಾರಿ ನೂಲಿನ ಗಿರಣಿಯ ಚಿಮಣಿ. ಐದನೆಯದರಲ್ಲಿ ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ಗೋಡೆ, ಜನರ ಬೆನ್ನು ತಾಗಿ ತಾಗಿ ಎಣ್ಣೆ ಹಚ್ಚಿದಂತೆ ನುಣುಪಾಗಿದೆ. ಎಂಟನೆಯದರಲ್ಲಿ ಹಳದಿ ಟೆಲಿಫೋನ್ ಬೂತು. ಹೊತ್ತುಕೊಂಡು ಹೋಗಲಾಗದ್ದೆಲ್ಲ ಅಲ್ಲಲ್ಲೇ ಉಳಿದಿದೆ. ನಮ್ಮಲ್ಲಿ ಬಾಗಿಲಿನ ಚೌಕಟ್ಟಿಗೆ ಮೊಳೆ ಹೊಡೆಯುವುದಿಲ್ಲ, ಬೋಲ್ಟು ಹಾಕುತ್ತಾರೆ. ಹೆಣ್ಣು ಕೊಡಲು ಬಂದವರು ಗೋಡೆ ನೋಡುವುದಿಲ್ಲ, ಚೌಕಟ್ಟು ಅಲುಗಿಸಿ ನೋಡುತ್ತಾರೆ.

ನಾನು ದ್ಯಾಮವ್ವ, ಈ ಊರಿನ ನೀರು ಬಿಡುವವಳು. ನನ್ನ ಗಂಡನಿಗಿದ್ದ ನೌಕರಿ, ಅವನು ಹಾವು ಕಚ್ಚಿ ಸತ್ತ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಬಂತು. ಆದೇಶದಲ್ಲಿ ಈಗಲೂ 'ವಾಟರ್‌ಮನ್' ಎಂದೇ ಇದೆ. ಬೆಳಿಗ್ಗೆ ಪಂಪು ಹಾಕುವುದು, ಓಣಿ ಓಣಿಗೆ ವಾಲ್ವು ತಿರುಗಿಸುವುದು, ಮಾರಿಗೊಂದು ಗಂಟು ಹಾಕಿದ ಹಗ್ಗ ಇಳಿಬಿಟ್ಟು ಬಾವಿ ಅಳೆಯುವುದು, ಇಷ್ಟು ನನ್ನ ಕೆಲಸ. ಊರು ಮುಂದೆ ಹೋಗುವ ದಿನ ಇನ್ನೊಂದು ಕೆಲಸವಿದೆ. ಎಲ್ಲರೂ ಹೋದ ಮೇಲೆ ಹಳೆಯ ಬಾವಿ ಬತ್ತಿತೆಂದು ನೋಡಿ, ಒಂದು ಹಾಳೆಗೆ ಸಹಿ ಮಾಡಬೇಕು. ಆ ಸಹಿ ಬಿದ್ದ ಮೇಲೆ ಹಳೆಯ ಜಾಗ ಊರಲ್ಲ, ಬಯಲು. ಯಾರು ಬೇಕಾದರೂ ನೆಲಸಮ ಮಾಡಬಹುದು.

ನಾನು ಹೇಳುತ್ತಿರುವುದು ಹತ್ತನೆಯ ಊರಿನಿಂದ ಹನ್ನೊಂದನೆಯದಕ್ಕೆ ಹೋದಾಗಿನ ಮಾತು. ಅಲ್ಲಿಯವರೆಗೆ ಪಟ್ಟಿ ಎಂಬುದಿರಲಿಲ್ಲ. ಫಲಕದ ಹಿಂದೆ ಹೋದವರೆಲ್ಲ ಊರಿನವರು, ಹಗ್ಗ ಹಿಡಿದು ತಮ್ಮ ತಮ್ಮ ಜಾಗ ಗುರುತು ಮಾಡಿಕೊಳ್ಳುತ್ತಿದ್ದರು. ಈ ಸಲ ಪಂಚಾಯಿತಿ ಗೋಡೆಯ ಮೇಲೆ ಪಟ್ಟಿ ಅಂಟಿಸಿದರು. ಹೊಸ ಜಾಗದ ಪಕ್ಕದಲ್ಲೇ ದೊಡ್ಡ ಕಾರ್ಖಾನೆಯೊಂದು ಎದ್ದಿತ್ತು. ಅದರ ದೆಸೆಯಿಂದ ನೆಲಕ್ಕೆ ಬೆಲೆ ಬಂದಿತ್ತು, ಸುತ್ತ ಬೇಲಿ ಬಂದಿತ್ತು, ಗೇಟು ಬಂದಿತ್ತು. ಹಕ್ಕುಪತ್ರ ಇದ್ದವರಿಗೆ ಮಾತ್ರ ನಿವೇಶನ. ಇನ್ನೂರ ನಲವತ್ತು ಮನೆಗಳಲ್ಲಿ ನೂರರ ಹೆಸರು ಪಟ್ಟಿಯಲ್ಲಿತ್ತು. ಉಳಿದ ನೂರ ನಲವತ್ತು ಗಿರಣಿ ಓಣಿಯವು.

ಗಿರಣಿ ಓಣಿಯವರು ಮೂರನೆಯ ಊರಿನ ಕಾಲದಲ್ಲಿ ನೂಲು ತೆಗೆಯಲು ಬಂದವರ ಮಕ್ಕಳು, ಮೊಮ್ಮಕ್ಕಳು. ಊರು ಮುಂದೆ ಹೋದರೂ ಗಿರಣಿ ಹಿಂದೆಯೇ ಉಳಿಯಿತು. ನಾಲ್ಕನೆಯ ಊರಿನಿಂದ ಒಂದು ಮೈಲಿ, ಐದನೆಯದರಿಂದ ಎರಡು, ಹೀಗೆ ವರ್ಷ ಕಳೆದಂತೆ ಪಾಳಿಗೆ ಹೋಗುವ ದಾರಿ ಉದ್ದವಾಯಿತು. ಏಳನೆಯ ಊರಿನಲ್ಲಿದ್ದಾಗ ಗಿರಣಿಯೇ ಮುಚ್ಚಿತು. ಆಮೇಲೆ ಅವರು ಕಲ್ಲು ಹೊತ್ತರು, ಗಟಾರ ತೋಡಿದರು. ಹನ್ನೊಂದನೆಯ ಊರಿನ ಬಾವಿಯನ್ನು ತೋಡಿದವರೂ ಅವರೇ. ಅವರಿಗೆ ಯಾರೂ ಎಂದೂ ಕಾಗದ ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ.

ನಾನೂ ಅದೇ ಓಣಿಯವಳು. ನನ್ನ ಪಕ್ಕದ ಮನೆ ಹಜರತಬಿಯದು. ಗಿರಣಿಯಲ್ಲಿ ಇಪ್ಪತ್ತು ವರ್ಷ ರಾಟಿ ವಿಭಾಗದಲ್ಲಿ ನಿಂತು ಅವಳ ಎಡಗಿವಿ ಮಂದವಾಗಿತ್ತು. ಗಂಡ ಸತ್ತ ತಿಂಗಳು ನಾನು ಒಲೆ ಹಚ್ಚದೆ ಕುಳಿತಾಗ, ಕೇಳದೆಯೇ ದಿನಾ ಎರಡು ರೊಟ್ಟಿ ತಂದು ಎದುರಿಗಿಟ್ಟು, ತಿನ್ನುವ ತನಕ ಏಳದೆ ಕೂತವಳು. ಓದಲು ಬಾರದ ಅವಳು ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಪಟ್ಟಿ ಓದಿಸಿದಳು.

"ಮಕ್ತುಮಸಾಬ ಅಂತ ಗಂಡನ ಹೆಸರಿಲೇನಾದ್ರೂ ಇರಬಹುದು, ನೋಡು."

ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. "ಇಲ್ಲ ಅಕ್ಕಾ. ಓಣಿಯವರದು ಯಾರದೂ ಇಲ್ಲ."

"ನಿಂದು?"

ನನ್ನದು ಇತ್ತು. ಪಂಚಾಯಿತಿ ನೌಕರರು ಎಂದು ಕೊನೆಯಲ್ಲಿ ಬರೆದು, ನನಗೊಂದು ಕ್ವಾರ್ಟರ್ಸು ಕೊಟ್ಟಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟೆ. ಅವಳು ನನ್ನ ಮುಖ ನೋಡಿ, ಒಳ್ಳೆಯದಾಯಿತು ಬಿಡು ಎಂದಷ್ಟೇ ಹೇಳಿ ಮನೆಯ ಕಡೆ ನಡೆದಳು.

ಓಣಿಯವರು ಅಧ್ಯಕ್ಷ ಮಹಾರುದ್ರಪ್ಪನವರ ಬಳಿ ಹೋದರು. ಅವರು ಎಲ್ಲರಿಗೂ ಚಹಾ ಕೊಡಿಸಿದರು. ಇದು ಮೊದಲ ಹಂತ, ಎರಡನೆಯ ಹಂತದಲ್ಲಿ ನಿಮ್ಮದೇ, ಅಲ್ಲಿಯವರೆಗೆ ಟ್ಯಾಂಕರಿನಲ್ಲಿ ನೀರು ಕಳಿಸುತ್ತೇವೆ, ದೇಶ ಮುಂದೆ ಹೋಗುವಾಗ ಎಲ್ಲರೂ ಒಟ್ಟಿಗೆ ಬಾಗಿಲು ಹೊಗಲಾಗುವುದಿಲ್ಲ ಎಂದರು. ಎರಡನೆಯ ಹಂತ ಯಾವಾಗ ಎಂದು ಕೇಳಿದವರಿಗೆ ಇನ್ನೊಂದು ಚಹಾ ಬಂತು.

ಹೊರಡುವ ದಿನ ಮಂಗಳವಾರ. ಬೆಳಿಗ್ಗೆ ಎಂಟಕ್ಕೆ ಪಂಪಿಗೆ ಬೀಗ ಹಾಕಬೇಕೆಂದು ಎಂಜಿನಿಯರ್ ಅಂಕಲಗಿಯವರ ಆದೇಶವಿತ್ತು. ನಾನು ಹಾಕಲಿಲ್ಲ. ನಸುಕಿನಿಂದ ಓಣಿಯವರು ಕೊಡ, ಡ್ರಮ್ಮು, ಬಾಣಂತಿ ನೀರು ಕಾಯಿಸುವ ಹಂಡೆ, ದನ ಮುಸುರೆ ಕುಡಿಯುವ ಬಾನಿ ಎಲ್ಲವನ್ನೂ ತುಂಬಿಕೊಳ್ಳುತ್ತಿದ್ದರು. ಅಂಕಲಗಿಯವರು ಜೀಪಿನಿಂದ ಇಳಿದು ಬಂದು, ಪಂಪಿನ ಸದ್ದು ಕೇಳಿ, ನನ್ನನ್ನೂ ನೋಡಿ, ಗಡಿಯಾರ ನೋಡಿಕೊಂಡು ಹೋಗಿಬಿಟ್ಟರು. ಹತ್ತಕ್ಕೆ ಫಲಕ ಕಿತ್ತರು. ಅದನ್ನು ಹೇರಿಕೊಂಡ ಟ್ರ್ಯಾಕ್ಟರಿನ ಡ್ರೈವರು ನನ್ನ ಮೈದುನ ಬಾಳಪ್ಪ. ನನ್ನ ಜೊತೆಗೇ ಇರುವವನು, ನನ್ನ ಕ್ವಾರ್ಟರ್ಸಿನ ಆಸರೆಯಿಂದ ಅವನಿಗೂ ಜಾಗ ಸಿಕ್ಕಿತ್ತು. ಹಲಗೆ ಬಾರಿಸುವ ಸದ್ದಿನೊಂದಿಗೆ ನೂರು ಮನೆಯವರು ಹೊರಟರು. ಓಣಿಯ ಗಂಡಸರೇ ಅವರ ಚೌಕಟ್ಟುಗಳನ್ನು ಬಿಚ್ಚಿ ಗಾಡಿಗೇರಿಸಿ ಕೊಟ್ಟರು, ಕೂಲಿಗೆ.

ಹನ್ನೊಂದೂವರೆಗೆ ಹಗ್ಗ ಇಳಿಬಿಟ್ಟೆ. ಹನ್ನೆರಡು ಇದ್ದದ್ದು ಹನ್ನೊಂದಕ್ಕೆ ಬಂದಿತ್ತು. ಬಾವಿಯ ಸುತ್ತ ಓಣಿಗೆ ಓಣಿಯೇ ನಿಂತಿತ್ತು. ಎಲ್ಲರ ಕಣ್ಣೂ ನನ್ನ ಕೈಯ ಮೇಲೆ. ಹತ್ತು. ಒಂಬತ್ತು. ಕಲ್ಲಿನ ಮೇಲಿನ ತೇವದ ಗೆರೆ ಕಣ್ಣೆದುರಿಗೇ ಕೆಳಗಿಳಿಯುತ್ತಿತ್ತು. ಎಂಟು. ಯಾರೋ ಮುದುಕ ಕೂತುಬಿಟ್ಟ. ಏಳು. ನಾನು ಹಗ್ಗ ಮೇಲೆತ್ತಿ ಮತ್ತೆ ಬಿಟ್ಟೆ. ಏಳು. ಹನ್ನೆರಡು ಹೊಡೆಯಿತು, ಹನ್ನೆರಡೂಕಾಲು ಆಯಿತು. ಏಳು. ಹಗ್ಗ ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡು ಒಂದು ಕಲ್ಲೆತ್ತಿ ಹಾಕಿದೆ. ಗುಳುಂ ಎಂದು ಆಳದ ನೀರಿನ ಸದ್ದೇ ಬಂತು.

ಅಷ್ಟರಲ್ಲಿ ಬಾಳಪ್ಪನ ಫೋನು. "ವೈನಿ, ಇಲ್ಲಿ ಐದ ಮಾರು ಬಂದು ನಿಂತೈತಿ. ಪಂಪಿನ ಬಾಯಿಗೆ ಮುಟ್ಟವಲ್ದು. ಅಧ್ಯಕ್ಷರು ಭಾಷಣ ಅರ್ಧಕ್ಕ ಬಿಟ್ಟಾರ."

ಹಿಂದೆಯೇ ಅಂಕಲಗಿಯವರು ಫೋನ್ ಮಾಡಿ ಬತ್ತಿತೇ ಎಂದು ಕೇಳಿದರು. ಇಲ್ಲ, ಏಳು ಮಾರು ಇದೆ ಎಂದೆ. ಅರ್ಧ ಗಂಟೆಯಲ್ಲಿ ತಾವೇ ಬಂದು, ಬೂಟು ಬಿಚ್ಚಿ, ಕಟ್ಟೆಯ ಮೇಲೆ ಮಂಡಿಯೂರಿ ಅಳೆದರು. ನಿಂತವರ ಮುಖಗಳನ್ನು ಒಂದು ಸುತ್ತು ನೋಡಿದರು. ಬೂಟು ಹಾಕಿಕೊಂಡು ಹೋದರು.

ಮರುದಿನ ನಾನು ಕಳ್ಳಿಯಾದೆ. ಫಲಕದ ಒಂದು ತುಂಡನ್ನು ನಾನು ಕೊಯ್ದು ಬಾವಿಯಲ್ಲಿ ಬಚ್ಚಿಟ್ಟಿದ್ದೇನೆ, ಅದಕ್ಕೇ ನೀರು ಒಡೆದುಹೋಗಿದೆ ಎಂದು ಅಧ್ಯಕ್ಷರು ಹೇಳಿದರಂತೆ. ಫಲಕದ ಒಂದು ಮೂಲೆ ಮುಕ್ಕಾಗಿದ್ದು ನಿಜ, ಅದು ಏಳನೆಯ ಊರಿನಲ್ಲಿ ಎತ್ತು ಗುದ್ದಿ ಮುಕ್ಕಾದದ್ದು. ನನ್ನ ಮನೆಯ ಹಾಸುಗಲ್ಲು ಎಬ್ಬಿಸಿದರು, ಹಿಟ್ಟಿನ ಡಬ್ಬಿ ಬೋರಲು ಹಾಕಿದರು. ಇಬ್ಬರು ಈಜುಗಾರರನ್ನು ಬಾವಿಗಿಳಿಸಿದರು. ಒಂದು ಸೈಕಲ್ಲು, ಎರಡು ತಂಬಿಗೆ, ಒಂದು ಗಡಿಯಾರ ಸಿಕ್ಕವು. ನನ್ನನ್ನು ಕೆಲಸದಿಂದ ತಡೆಹಿಡಿದರು, ಹೊಸ ಕ್ವಾರ್ಟರ್ಸಿಗೆ ಬೀಗ ಬಿತ್ತು, ಓಣಿಯ ಕರೆಂಟು ಕತ್ತರಿಸಿದರು. ಸೋಮವಾರ ಕಾರ್ಖಾನೆಯ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಅಷ್ಟರೊಳಗೆ ತುಂಡು ತಂದೊಪ್ಪಿಸದಿದ್ದರೆ ಪೊಲೀಸರಿಗೆ ಕೊಡುತ್ತೇವೆ ಎಂದು ಹೇಳಿ ಕಳಿಸಿದರು. ಓಣಿಯ ತಿರುವಿನಲ್ಲಿ ಒಂದು ಜೆಸಿಬಿ ಬಂದು ನಿಂತಿತು. ಬಾವಿ ಬತ್ತುವುದನ್ನೇ ಅದು ಕಾಯುತ್ತಿತ್ತು.

ಇಲ್ಲದ ತುಂಡನ್ನು ಎಲ್ಲಿಂದ ತರಲಿ? ಬುಧವಾರ ರಾತ್ರಿಯೆಲ್ಲ ನಾನೇ ನಿದ್ದೆಗಣ್ಣಿನಲ್ಲಿ ಕೊಯ್ದಿದ್ದೆನೋ ಎಂದು ಅನ್ನಿಸುವಷ್ಟು ತಲೆ ಕೆಟ್ಟಿತು.

ಗುರುವಾರ ಓಣಿಯ ನಾಲ್ಕು ಮನೆಯವರು ಅಂಜಿ, ಹೊಸ ಊರಿನಲ್ಲಿದ್ದ ನೆಂಟರ ಜಗಲಿಗೆ ಗಂಟುಮೂಟೆ ಕಟ್ಟಿಕೊಂಡು ಹೋದರು. ಕೆಲಸವಿಲ್ಲದಿದ್ದರೂ ಕೈ ಸುಮ್ಮನಿರದೆ ನಾನು ಸಂಜೆ ಬಾವಿ ಅಳೆದೆ. ನೀರು ಒಂದೂವರೆ ಗೇಣು ಇಳಿದಿತ್ತು. ಪಂಪು ಬಂದ್ ಆಗಿದೆ, ಕೊಡದಲ್ಲಿ ಸೇದಿದರೆ ಇಷ್ಟು ಇಳಿಯುವುದಿಲ್ಲ. ಶುಕ್ರವಾರ ಜಗಲಿಯಲ್ಲಿ ಜಾಗ ಸಾಲದೆ ಆ ನಾಲ್ಕೂ ಮನೆಯವರು ತಿರುಗಿ ಬಂದರು. ನೀರು ಒಂದೂವರೆ ಗೇಣು ಏರಿತು. ಜನ ಪರವೂರ ಸಂತೆಗೆ ಹೋದ ದಿನ ನನ್ನ ಹಗ್ಗ ಯಾವಾಗಲೂ ಒಂದಿಷ್ಟು ಕಡಿಮೆ ತೋರಿಸುತ್ತಿದ್ದದ್ದು ಆಗ ನೆನಪಾಯಿತು. ಇಷ್ಟು ವರ್ಷ ಅದನ್ನು ಬಳಕೆ ಎಂದುಕೊಂಡಿದ್ದೆ.

ಹಜರತಬಿಯ ಬಲಗಿವಿಯ ಕಡೆ ಕೂತು ಇದನ್ನೆಲ್ಲ ಹೇಳಿದೆ. ಅವಳು ಹತ್ತಿ ಬೀಜ ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಗಿರಣಿ ಹಿಂದಿನ ಬಾವಿ ನಿನಗ ಗೊತ್ತಿಲ್ಲ. ಊರು ಮುಂದ ಹೋದ ಮ್ಯಾಲೂ ನಮ್ಮ ಪಾಳಿ ಇದ್ದಾಗ ಅದರಾಗ ನೀರು ಇರತಿತ್ತು. ಪಾಳಿ ಬಿಟ್ಟು ಮನಿಗೆ ಹೊಂಟ್ವಿ ಅಂದ್ರ ಒಣಗತಿತ್ತು. ಮ್ಯಾನೇಜರ್ ಅದಕ್ಕ ಒರತಿ ಅಂತಿದ್ದ. ನಾವೂ ಒರತೀನ ಅಂದ್ಕೊಂಡಿದ್ವಿ." ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. "ಫಲಕದ ಹಿಂದ ಹೋದದ್ದಲ್ಲ ದ್ಯಾಮಾ. ನಮ್ಮ ಹಿಂದ ಹೋದದ್ದು."

ನಾವಿಬ್ಬರೂ ಅಂಕಲಗಿಯವರ ಕಚೇರಿಗೆ ನಡೆದುಕೊಂಡು ಹೋದೆವು. ಅವರು ಬಾಗಿಲು ಮುಚ್ಚಿ ಕೇಳಿಸಿಕೊಂಡರು. ಅವರಿಗೂ ಮೊದಲ ದಿನವೇ ಹೊಳೆದಿತ್ತೆಂದು ಮುಖದಲ್ಲೇ ಕಾಣುತ್ತಿತ್ತು. ನೀರು ಫಲಕದ ಬೆನ್ನು ಹತ್ತುತ್ತದೆಂದು ಹತ್ತು ಯೋಜನೆಯ ಕಡತಗಳಲ್ಲಿದೆ, ಅದನ್ನು ಸುಳ್ಳು ಎನ್ನಲು ನಾನು ಯಾರು ಎಂದರು. ಹಜರತಬಿ ಒಂದೇ ಮಾತು ಕೇಳಿದಳು. ಓಣಿಯವರೆಲ್ಲ ಬರಿಗೈಯಲ್ಲಿ ಹೊಸ ಊರಿಗೆ ನಡೆದುಹೋಗುತ್ತೇವೆ, ಆಗ ಆ ಬಾವಿಯನ್ನು ಎಲ್ಲರ ಎದುರಿಗೆ ಅಳೆಯುತ್ತೀರಾ?

ಅವರು ಪೆನ್ನಿನ ಟೋಪಿ ಹಾಕಿ ತೆಗೆದು ಮಾಡಿದರು. "ಅಳೀತೀನಿ. ಅಳದದ್ದು ಬರೀತೀನಿ. ಅದಕ್ಕಿಂತ ಹೆಚ್ಚು ನನ್ನ ಕಡೆಯಿಂದ ಕೇಳಬ್ಯಾಡ್ರಿ."

ಓಣಿಯ ಸಭೆಯಲ್ಲಿ ಅರ್ಧ ಜನ ಬೇಡವೆಂದರು. ನಾವು ಅತ್ತ ಹೋದೊಡನೆ ಇತ್ತ ಬಾವಿ ಬತ್ತುತ್ತದೆ, ಜೆಸಿಬಿ ಓಣಿಗೆ ನುಗ್ಗುತ್ತದೆ, ಅಲ್ಲಿಯೂ ಇಲ್ಲ ಇಲ್ಲಿಯೂ ಇಲ್ಲ ಎಂಬಂತಾಗುತ್ತೇವೆ ಎಂಬುದು ಅವರ ಮಾತು. ಅದರಲ್ಲಿ ಸುಳ್ಳೇನಿರಲಿಲ್ಲ. ಹಾಗಾದರೆ ಒಬ್ಬರು ಉಳಿಯಬೇಕು ಎಂದಾಯಿತು. ಬಾವಿ ಅಳೆಯಲು ಬರುವವಳು ನಾನೊಬ್ಬಳೇ, ಕೆಲಸ ತಡೆದಿದ್ದರೂ ಸಹಿಯ ಹಾಳೆಯಲ್ಲಿ ಇನ್ನೂ ನನ್ನ ಹೆಸರೇ ಇತ್ತು. ನಾನೇ ಉಳಿಯುತ್ತೇನೆ ಎಂದೆ.

ಓಣಿಯವರು ತಾವಾಗಿ ಬರುತ್ತಾರೆಂಬ ಸುದ್ದಿಗೆ ಮಹಾರುದ್ರಪ್ಪನವರು ಕೂಡಲೇ ಒಪ್ಪಿದರು, ಗೇಟು ತೆರೆದಿಡಿಸುತ್ತೇನೆ ಎಂದರು. ಅಷ್ಟು ಬೇಗ ಒಪ್ಪಿದ್ದೇ ನನಗೆ ಸರಿಬರಲಿಲ್ಲ. ಒಳಗೆ ಬಿಟ್ಟುಕೊಂಡು ಗೇಟು ಮುಚ್ಚಿದರೆ ಏನು ಮಾಡುತ್ತೀ ಎಂದು ಹಜರತಬಿಯನ್ನು ಕೇಳಿದೆ.

"ಮುಚ್ಚಲಿ. ಮುಚ್ಚಿದ್ರ ಆ ನೂರು ಮನಿಯವರೂ ನೋಡತಾರ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಟರು. ನಡೆಯಲಾರದವರನ್ನು ಕೈಗಾಡಿಯಲ್ಲಿ ಕೂರಿಸಿದರು, ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡರು. ಮನೆಗಳ ಬಾಗಿಲು ತೆರೆದೇ ಇದ್ದವು. ಕೊನೆಯ ಕೈಗಾಡಿ ತಿರುವು ದಾಟಿದ ಮೇಲೆ ಓಣಿಯಲ್ಲಿ ಒಂದು ಕೋಳಿ ಕೆದರುವ ಸದ್ದೂ ಕೇಳುವಂತಾಯಿತು. ಹಗ್ಗ ಬಿಟ್ಟೆ. ಆರು. ಅವರ ಹೆಜ್ಜೆಗೆ ತಕ್ಕಂತೆ ಇಳಿಯುತ್ತಿತ್ತು. ಐದು. ಮೂರೂವರೆ. ಎರಡು. ಅವರು ನನ್ನಿಂದ ಎಷ್ಟು ದೂರ ಹೋದರೆಂಬುದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಒಂಬತ್ತಕ್ಕೆ ಹಗ್ಗದ ತುದಿಯ ಗುಂಡು ಕೆಸರಿಗೆ ತಾಗಿ ಅಡ್ಡ ಬಿದ್ದಿತು. ಬಾಳಪ್ಪನ ಫೋನು ಬಂತು, ಅಲ್ಲಿ ಹನ್ನೆರಡು ಮಾರಾಗಿದೆ, ಸಾಹೇಬರು ಬರೆದುಕೊಂಡರು ಎಂದ. ಹಿಂದೆ ಜನರ ಗದ್ದಲ ಕೇಳಿತು. ಆಮೇಲೆ ಇನ್ನೇನೋ ಹೇಳುತ್ತಿದ್ದವನ ಮಾತು ತುಂಡಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಹತ್ತಾಯಿತು, ಹನ್ನೊಂದಾಯಿತು. ಅಳೆದು ತಿರುಗಿ ಬರುವುದೆಂದು ಮಾತಾಗಿತ್ತು, ಯಾರೂ ಬರಲಿಲ್ಲ. ತಿರುವಿನಲ್ಲಿ ಜೆಸಿಬಿಯ ಎಂಜಿನ್ನು ಶುರುವಾದದ್ದು ಕೇಳಿಸಿತು. ನಾನು ಕಬ್ಬಿಣದ ಮೆಟ್ಟಿಲು ಹಿಡಿದು ಬಾವಿಯೊಳಗೆ ಇಳಿದೆ. ಯಾಕೆ ಇಳಿದೆನೋ, ಬರಿದಾದ ಬಾವಿಯನ್ನು ಹತ್ತಿರದಿಂದ ನೋಡಬೇಕೆನ್ನಿಸಿತು. ತಳದಲ್ಲಿ ಹಸಿ ಮಣ್ಣು, ಒಡೆದ ಗಡಿಗೆಯ ಚೂರು. ನಡುವೆ ಒಂದು ತಗ್ಗಿನಲ್ಲಿ ಒಂದು ಬೊಗಸೆ ನೀರಿತ್ತು. ಕೈಯಿಂದ ಬಗೆದು ಚೆಲ್ಲಿದೆ. ನೋಡುತ್ತಿದ್ದಂತೆ ಮತ್ತೆ ತುಂಬಿತು. ಮತ್ತೆ ಬಗೆದೆ, ಮತ್ತೆ ಅಷ್ಟೇ ತುಂಬಿತು. ಒಂದು ಬೊಗಸೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಅದು ನನ್ನೊಬ್ಬಳ ಪಾಲಿನ ನೀರು ಎಂದು ಆಗ ತಿಳಿಯಿತು.

ಮೇಲೆ ಕಟ್ಟೆಯಿಂದ ಒಂದು ತಲೆ ಬಾಗಿತು. ಜೆಸಿಬಿಯ ಡ್ರೈವರು, ಬೇರೆ ಸೀಮೆಯವನು.

"ಬಾವಿ ಬತ್ತಿದ್ರೆ ಕೆಲಸ ಶುರು ಮಾಡು ಅಂತ ಫೋನ್ ಬಂದಿದೆ ಅಮ್ಮ. ಬತ್ತಿದೆ ಅಲ್ವಾ?"

"ಬತ್ತಿಲ್ಲ."

"ನಂಗೆ ನೆಲ ಕಾಣ್ತಾ ಇದೆ."

"ಇಳದು ಬಂದು ನೋಡಪಾ."

ಅವನು ಇಳಿದು ಬಂದ. ನಾನು ಬೊಗಸೆ ತುಂಬ ನೀರೆತ್ತಿ ಅವನ ಮುಖದ ಹತ್ತಿರ ಹಿಡಿದೆ. ಆಮೇಲೆ ತಗ್ಗು ತೋರಿಸಿದೆ, ಅದು ತುಂಬುತ್ತಿತ್ತು. ನಾನು ಸಹಿ ಮಾಡದೆ ನೀನು ಒಂದು ಗೋಡೆ ಮುಟ್ಟಿದರೂ ಅದು ನಿನ್ನ ತಲೆಗೆ ಬರುತ್ತದೆ, ಫೋನು ಮಾಡಿದವರ ತಲೆಗಲ್ಲ ಎಂದೆ. ಅವನು ಬಹಳ ಹೊತ್ತು ಆ ತಗ್ಗನ್ನೇ ನೋಡಿದ. ತನ್ನ ಊರಿನಲ್ಲೂ ಹೀಗೆಯೇ ಒಂದು ಓಣಿ ಇತ್ತು ಎಂದ. ಮೇಲೆ ಹತ್ತಿ ಹೋದ. ಎಂಜಿನ್ನು ನಿಂತದ್ದು ಕೇಳಿಸಿತು. ನಾನು ಮಾತ್ರ ಮೇಲೆ ಬರಲಿಲ್ಲ. ನಾನು ಬಾವಿ ಬಿಟ್ಟು ಆಚೆ ಹೋದರೆ ಆ ಬೊಗಸೆಯೂ ನನ್ನ ಹಿಂದೆಯೇ ಬರುತ್ತದೆ ಎಂಬ ಅಂಜಿಕೆ.

ಎಷ್ಟು ಹೊತ್ತು ಕೂತಿದ್ದೆನೋ. ಬಿಸಿಲು ಬಾವಿಯ ಗೋಡೆಯಿಂದ ನೆಲಕ್ಕಿಳಿದು, ಇನ್ನೊಂದು ಗೋಡೆ ಏರತೊಡಗಿತ್ತು. ಓಣಿಯವರನ್ನು ಕಾರ್ಖಾನೆಯ ಶೆಡ್ಡುಗಳಲ್ಲಿ ಕೂಡಿಹಾಕಿದರು, ನೀರಿಗೆ ಜನ ಬೇಕು, ಮನೆ ಬೇಡ, ಇನ್ನು ಬಿಡುವುದಿಲ್ಲ ಎಂದೇ ನಾನು ನಿಶ್ಚಯ ಮಾಡಿಕೊಂಡಿದ್ದೆ. ಆಗ ಪಾದ ತಣ್ಣಗಾಯಿತು. ನೋಡಿದರೆ ಹೆಬ್ಬೆರಳು ಮುಳುಗಿತ್ತು. ಮೆಟ್ಟಿಲು ಹಿಡಿದೆ. ನೀರು ಕಾಲಿನ ಹರಡಿಗೆ ಬಂತು, ಮೊಣಕಾಲಿಗೆ ಬಂತು. ದಾರಿಯಲ್ಲಿ ಒಂದು ಧೂಳಿನ ಕಣವೂ ಏಳುವ ಮೊದಲೇ ಅವರು ಬರುತ್ತಿದ್ದಾರೆಂದು ನನಗೆ ಗೊತ್ತಾಯಿತು. ಮೆಟ್ಟಿಲು ಮೆಟ್ಟಿಲಾಗಿ ನೀರು ನನ್ನನ್ನು ಮೇಲಕ್ಕಟ್ಟುತ್ತಿತ್ತು.

ಕಟ್ಟೆಯ ಮೇಲೆ ನಿಂತು ಹಗ್ಗ ಬಿಟ್ಟೆ. ನಾಲ್ಕು. ಐದೂವರೆ. ಏಳಕ್ಕೆ ಬಂದಾಗ, ನಮ್ಮವರು ಅಷ್ಟೂ ಜನ ಹೊರಟರು, ಯಾರನ್ನೂ ಹಿಡಿದಿಟ್ಟಿಲ್ಲ ಎಂದು ಕಟ್ಟೆಗೆ ಒರಗಿ ಅತ್ತೆ. ಕಣ್ಣೊರೆಸಿಕೊಂಡು ಇನ್ನೊಮ್ಮೆ ಅಳೆದೆ. ಏಳೂವರೆ. ಹಗ್ಗ ಜಾರಿತೆಂದು ಗಂಟು ಹಿಡಿದು ಎಣಿಸಿದೆ. ಎಂಟು. ಆಮೇಲೆ ಒಂಬತ್ತು. ಅಷ್ಟು ಜನ ಓಣಿಯಲ್ಲಿರಲೇ ಇಲ್ಲ.

ತಿರುವಿನಲ್ಲಿ ಮೊದಲು ಕಂಡದ್ದು ಹಜರತಬಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಳು. ಹಿಂದೆ ಓಣಿ. ಅದರ ಹಿಂದೆ ಬಾಳಪ್ಪ, ಅವನ ಅಂಗಿಯ ತೋಳು ಹರಿದಿತ್ತು. ಅವನ ಹಿಂದೆ, ಮಂಗಳವಾರ ಹಲಗೆಯ ಸದ್ದಿನೊಂದಿಗೆ ಹೋಗಿದ್ದ ಮನೆಗಳವರು, ಖಾಲಿ ಕೊಡಗಳನ್ನು ಹಿಡಿದುಕೊಂಡು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಬಾಳಪ್ಪ ಹೇಳಿದ. ಹನ್ನೆರಡು ಮಾರು ಆದದ್ದೇ ತಡ ಗೇಟು ಮುಚ್ಚಿದರು, ಓಣಿಯವರನ್ನು ಶೆಡ್ಡಿನ ಕಡೆ ನಡೆಸಿದರು, ಅವನ ಫೋನು ಕಸಿದುಕೊಂಡರು. ಪಂಪು ಹಾಕಿದರು. ನೂರು ಮನೆಯ ಹೆಂಗಸರು ನಲ್ಲಿಯ ಕೆಳಗೆ ಕೊಡ ಇಟ್ಟು ಕಾದರು. ನಲ್ಲಿಯಲ್ಲಿ ಗಾಳಿ ಬಂತು, ನೀರು ಬರಲಿಲ್ಲ. ಮೊದಲ ಪೈಪು ಕಾರ್ಖಾನೆಗೆ ಹೋಗಿತ್ತು, ಉಳಿದರೆ ಊರಿಗೆ. ಎಂದಿನಿಂದ ಹೀಗೆ ಎಂದು ಅವರು ಕೇಳಿದಾಗ, ಒಪ್ಪಂದವೇ ಹಾಗಿದೆ ಎಂದು ಅಧ್ಯಕ್ಷರ ಬಾಯಿಂದ ಬಂದುಬಿಟ್ಟಿತು. ಶೆಡ್ಡಿನ ತಂತಿಯ ಆಚೆಗೆ ನಿಂತಿದ್ದ ಹಜರತಬಿಯನ್ನು ಆ ಹೆಂಗಸರೆಲ್ಲ ನೋಡಿದರಂತೆ. ಅಂಕಲಗಿಯವರು ಎಲ್ಲರ ನಡುವೆ ನಿಂತು ತಾವು ಬರೆದದ್ದನ್ನು ಗಟ್ಟಿಯಾಗಿ ಓದಿದರು, ಜನ ಬರುವ ಮೊದಲು ಐದು, ಬಂದ ಮೇಲೆ ಹನ್ನೆರಡು. ಎರಡು ಸಲ ಓದಿದರು. ಗೇಟಿನ ಕಾವಲುಗಾರರು ಹದಿನಾಲ್ಕು ಜನರಿದ್ದರು. ಕೊಡ ಹಿಡಿದುಕೊಂಡು ಗೇಟಿಗೆ ನುಗ್ಗಿದ ಹೆಂಗಸರು ಎಷ್ಟಿದ್ದರೆಂದು ಯಾರೂ ಎಣಿಸಲಿಲ್ಲ.

ಸೋಮವಾರ ಮಂತ್ರಿಗಳು ಬರಲಿಲ್ಲ. ಅಂಕಲಗಿಯವರಿಗೆ ಆ ವಾರವೇ ದೂರದ ಊರಿಗೆ ವರ್ಗವಾಯಿತು, ಆದರೆ ಅವರು ಬರೆದ ಹಾಳೆಯ ನಕಲು ಓಣಿಯ ಮನೆಮನೆಯಲ್ಲೂ ಇತ್ತು. ನಲವತ್ತು ಮನೆಯವರು ನಮ್ಮೊಂದಿಗೇ ಹಳೆಯ ಗೋಡೆಗಳಿಗೆ ಚೌಕಟ್ಟು ಕೂರಿಸಿಕೊಂಡರು. ಮುಂದೆ ಮೂರು ತಿಂಗಳು ಮಾತುಕತೆ ನಡೆದು, ಗಿರಣಿ ಓಣಿಯ ಪ್ರತಿ ಮನೆಗೂ ಹೆಸರು ಬರೆದ ಹಕ್ಕುಪತ್ರ ಬಂದು, ಊರಿನ ನಲ್ಲಿ ಮೊದಲು, ಕಾರ್ಖಾನೆ ಆಮೇಲೆ ಎಂದು ಕಾಗದವಾದ ಮೇಲೆಯೇ ಊರು ಮತ್ತೆ ಒಂದಾದದ್ದು. ನನ್ನ ಕೆಲಸವೂ ಆಗಲೇ ತಿರುಗಿ ಬಂದದ್ದು.

ಆದರೆ ನನಗೆ ಮರೆಯದೆ ಉಳಿದದ್ದು ಆ ಸೋಮವಾರದ ಬೆಳಗು. ಮಹಾರುದ್ರಪ್ಪನವರು ಒಬ್ಬರೇ ಬಂದರು, ಜೀಪು ತಿರುವಿನಲ್ಲೇ ಬಿಟ್ಟು ನಡೆದುಕೊಂಡು. ರಾತ್ರಿ ನಿದ್ದೆಯಿಲ್ಲದ ಮುಖ. ಬಾವಿಯ ಕಟ್ಟೆಯ ಹತ್ತಿರ ನಿಂತು, ನೀರನ್ನೇ ನೋಡುತ್ತಿದ್ದರು. ಹಜರತಬಿ ಹಂಡೆ ತಿಕ್ಕುತ್ತಿದ್ದವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಟ್ಟೆಯ ಮೇಲಿದ್ದ ಕೊಡಗಳನ್ನು ಸರಿಸಿ ಅವರಿಗೊಂದಿಷ್ಟು ಜಾಗ ಮಾಡಿದಳು.

"ಕುಂದರ್ರಿ. ಈಗ ಮಾತಾಡೂಣು."

ಅವರು ಕುಳಿತರು. ಅವರು ಬಂದದ್ದಕ್ಕೂ ಬಾವಿಯಲ್ಲಿ ಒಂದು ಬೊಗಸೆ ನೀರು ಏರಿರಬೇಕು. ನಾನು ಅಳೆಯಲಿಲ್ಲ.